ಕಲ್ಲು ನಿಲ್ಲಿಸಿದವರ ಹೆಸರು

ನನ್ನ ಮೊಬೈಲಿನಲ್ಲಿ ಹಾಡುಗಳಿಲ್ಲ, ಬರೀ ಮಾತಿದೆ. ಇತಿಹಾಸದ ಪ್ರಾಧ್ಯಾಪಕರು, ನೆಲ ಅಗೆಯುವವರು, ಶಾಸನ ಓದುವವರು, ಹಳೆಯ ಗೋಡೆಗಳಿಗೆ ಮದ್ದು ಮಾಡುವವರು, ಇವರೆಲ್ಲರ ಮಾತನ್ನು ಎಷ್ಟೋ ವರ್ಷಗಳಿಂದ ರೆಕಾರ್ಡ್ ಮಾಡಿಕೊಳ್ಳುತ್ತ ಬಂದಿದ್ದೇನೆ. ಚಿಕ್ಕೋಡಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ, ಮದುವೆಯಾಗದ, ಐವತ್ತು ದಾಟಿದ ಹೆಂಗಸಿಗೆ ಇದೆಂಥ ಹುಚ್ಚು ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ. ಅವರಿಗೆ ಸಂಜೆ ಮನೆಗೆ ಹೋದರೆ ಜಗಳವಾಡಲಿಕ್ಕಾದರೂ ಒಬ್ಬರಿರುತ್ತಾರೆ. ನಾನು ಎರಡು ಕೋಣೆಯ ಬಾಡಿಗೆ ಮನೆಯ ಬೀಗ ತೆಗೆದು, ಕುಕ್ಕರ್ ಇಟ್ಟು, ಆ ಮಾತುಗಳನ್ನು ಹಚ್ಚುತ್ತೇನೆ. ಸಾವಿರ ವರ್ಷದ ಹಿಂದಿನ ಸಂತೆ, ಸುಂಕ, ದನಗಳ್ಳರು, ಬಾವಿ ತೋಡಿಸಿದ ಹೆಣ್ಣುಮಕ್ಕಳು ಎಲ್ಲರೂ ನನ್ನ ಅಡುಗೆಮನೆಗೆ ಬರುತ್ತಾರೆ. ಊಟಕ್ಕೆ ಮಾತ್ರ ಯಾರೂ ಕೂರುವುದಿಲ್ಲ.

ಇಂಥ ತಜ್ಞರು ನಮ್ಮ ಸೀಮೆಗೆ ಬಂದರೆ ದಾರಿ ತೋರಿಸುವ ಕೆಲಸ ನನ್ನದು. ಕಾಗವಾಡದ ಹಳೆಯ ಬಸದಿಗೆ ಒಬ್ಬರನ್ನು ಕರೆದೊಯ್ದಿದ್ದೇನೆ. ಬೋರಗಾಂವದಲ್ಲಿ ಮಗ್ಗಗಳ ಸದ್ದಿನ ನಡುವೆ ಇನ್ನೊಬ್ಬರ ಜೊತೆ ಕೂಗಾಡಿ ಮಾತಾಡಿದ್ದೇನೆ. ಅಥಣಿಯ ಹತ್ತಿರ ಕಬ್ಬಿನ ಹೊಲದ ಬದಿಯಲ್ಲಿ ಗುಂಡಿ ತೋಡಿಸುತ್ತಿದ್ದ ಒಬ್ಬ ಹೆಣ್ಣುಮಗಳು ನನ್ನನ್ನು ಒಳಗೆ ಇಳಿಸಿ ಮಣ್ಣಿನ ಪದರಗಳನ್ನು ತೋರಿಸಿದಳು. ಮೇಲೆ ಕಪ್ಪು, ಅದರ ಕೆಳಗೆ ಬೂದಿ, ಅದರ ಕೆಳಗೆ ಸುಟ್ಟ ಮಣ್ಣಿನ ಕೆಂಪು. "ಇಲ್ಲೊಂದು ಒಲೆ ಇತ್ತು ಮೇಡಂ. ಯಾರೋ ದಿನಾ ಇಲ್ಲಿ ಕೂತು ಊಟ ಮಾಡ್ತಿದ್ರು," ಎಂದಳು. ಎಷ್ಟು ಜನ ಕೂರುತ್ತಿದ್ದರು ಎಂದು ಕೇಳಿದೆ. ಅದು ಮಣ್ಣಿನಲ್ಲಿ ಉಳಿಯುವುದಿಲ್ಲ ಎಂದಳು. ಸಂಜೆ ಅವರ ಜೀಪು ಹೊರಟುಹೋಯಿತು. ನಾನು ಅಥಣಿಯ ಬಸ್ ನಿಲ್ದಾಣದಲ್ಲಿ ನಿಂತೆ. ಇಷ್ಟೆಲ್ಲ ಕಂಡು ಬಂದಿದ್ದೇನೆ, ಹೇಳಲು ಒಬ್ಬರೂ ಇಲ್ಲವಲ್ಲ ಎಂದು ಅಳು ಬಂತು. ಚಿಕ್ಕೋಡಿ ಬಸ್ಸು ಬಂದಾಗ ಕಣ್ಣೊರೆಸಿಕೊಂಡು ಸೀಟಿಗಾಗಿ ಎಲ್ಲರ ಹಾಗೆ ನುಗ್ಗಿದೆ.

ಹೇಳಲು ಒಬ್ಬರು ಸಿಕ್ಕಿದ್ದು ಆಮೇಲೆ, ನಿಪ್ಪಾಣಿಯಲ್ಲಿ. ಶಾಸನ ಓದುವುದರಲ್ಲೇ ಜೀವ ಸವೆಸಿ ನಿವೃತ್ತರಾಗಿದ್ದ ಮುದುಕರು. ಮಗಳ ಮನೆಯಲ್ಲಿ, ಬೀದಿಯ ಕಡೆಗಿನ ಕೋಣೆಯಲ್ಲಿ ಇರುತ್ತಿದ್ದರು. ತಂಬಾಕಿನ ವಾಸನೆ ಕಿಟಕಿಯಿಂದ ಬಂದರೆ ಗಾಳಿ ಯಾವ ದಿಕ್ಕಿನದು ಎಂದು ಹೇಳುತ್ತಿದ್ದರು, ಏಕೆಂದರೆ ಕಣ್ಣು ಹೋಗುತ್ತ ಬಂದಿತ್ತು. ಮೊದಲ ಸಲ ರೆಕಾರ್ಡ್ ಮಾಡಲು ಹೋದಾಗ, "ಬಾಯಾರ, ಆ ಡಬ್ಬಿ ಬಾಜೂಕ ಇಡ್ರಿ. ಮೊದಲ ಚಾ ಕುಡೀರಿ," ಎಂದರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಹಾಗೆಯೇ ಕರೆಯುವುದು. ಅಂದಿನಿಂದ ಪ್ರತಿ ಐತವಾರ ಬೆಳಗಿನ ಬಸ್ಸಿಗೆ ನಿಪ್ಪಾಣಿಗೆ ಹೋಗುತ್ತಿದ್ದೆ. ಅವರ ಮಗಳು ಎರಡು ಕಪ್ ಚಹಾ ಇಟ್ಟು ಹೋಗುವಳು. ನಾವು ಮಧ್ಯಾಹ್ನದವರೆಗೆ ಹಳೆಯ ರಾಜರನ್ನು ಬಯ್ಯುತ್ತ ಕೂರುತ್ತಿದ್ದೆವು. ಯಾವ ರಾಜನ ಬಗ್ಗೆಯೂ ಅವರಿಗೆ ಅಂಥ ಗೌರವವಿರಲಿಲ್ಲ. "ಅವ ಊರು ದಾನಾ ಕೊಟ್ಟ ಅಂತ ಬರಿಸ್ಯಾನ. ಊರು ಅವನ ಅಪ್ಪಂದೇನು?" ಎನ್ನುವರು. ನನಗೆ ವಾರದಲ್ಲಿ ಒಂದೇ ದಿನ ಇತ್ತು, ಅದು ಐತವಾರ. ಉಳಿದ ಆರು ದಿನ ಅದಕ್ಕಾಗಿ ಕಾಯುವುದಕ್ಕೆ ಇದ್ದವು.

ಅವರ ಮನಸ್ಸಿನಲ್ಲಿ ಒಂದು ಕಲ್ಲು ಕೂತಿತ್ತು. ತಾರುಣ್ಯದಲ್ಲಿ, ನೌಕರಿಗೆ ಸೇರಿದ ಹೊಸದರಲ್ಲಿ, ರಾಯಬಾಗ ತಾಲೂಕಿನ ದಿಗ್ಗೇವಾಡಿಯ ಕಡೆ ಕೃಷ್ಣೆಯ ದಂಡೆಯ ಹೊಲದಲ್ಲಿ ಒಂದು ವೀರಗಲ್ಲು ನೋಡಿದ್ದರಂತೆ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯುತ್ತ ಸತ್ತ ಒಬ್ಬನ ಕಲ್ಲು. ಮೇಲಿನ ಮೂರು ಸಾಲು ಓದಿದರು. ಸತ್ತವನ ಹೆಸರು, ಊರು, ಅವನು ಹೋರಾಡಿದ ರೀತಿ ಎಲ್ಲ ಸಿಕ್ಕಿತು. ನಾಲ್ಕನೆಯ ಸಾಲು ಮಣ್ಣಿನಲ್ಲಿ ಹೂತಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು, ಹೊಳೆ ಏರಿತು, ಮುಂದಿನ ಸಲ ಅಗೆದು ಓದೋಣ ಎಂದು ಬಂದರು. ಆ ಮುಂದಿನ ಸಲ ಬರುವ ಮೊದಲೇ ದೂರದ ಊರಿಗೆ ವರ್ಗವಾಯಿತು.

"ಕಡೀ ಸಾಲಿನಾಗ ಕಲ್ಲು ಯಾರು ನಿಂದರಿಸಿದ್ರು ಅಂತ ಇರತೈತಿ," ಎಂದು ಒಂದು ಐತವಾರ ಹೇಳಿದರು. "ಸತ್ತವಂದು ಎಲ್ಲಾ ಗೊತ್ತಾತ್ರಿ. ಅವನ ಸಲುವಾಗಿ ಅತ್ತವರು ಯಾರು? ಅವ್ವಾ? ಹೇಣ್ತಿ? ಮಗಾ? ಅವರನ್ನ ನಾ ಮಣ್ಣಾಗ ಬಿಟ್ಟ ಬಂದೀನಿ." ನಲವತ್ತು ವರ್ಷದ ಮಾತು ಅದು. ಅವರು ನಿನ್ನೆಯದೆಂಬಂತೆ ಹೇಳಿದರು. ನಾನು ಹೋಗಿ ಓದಿಕೊಂಡು ಬರುತ್ತೇನೆ ಸರ್ ಎಂದೆ. ಹಾಗೆ ಹೇಳುವಾಗ ನನ್ನ ಎದೆ ಉಬ್ಬಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ದಿಗ್ಗೇವಾಡಿಯಲ್ಲಿ ಕಲ್ಲು ಹುಡುಕುವುದು ಕಷ್ಟವಾಗಲಿಲ್ಲ. "ಬಣ್ಣದ ಕಲ್ಲೇನ್ರಿ?" ಎಂದು ಕೇಳಿ ದಾರಿ ತೋರಿಸಿದರು. ಬೇವಿನ ಗಿಡದ ಕೆಳಗೆ ನಿಂತಿತ್ತು. ಬುಡಕ್ಕೆ ಆಕಾಶನೀಲಿ, ನಡುವೆ ಕೆಂಪು, ಹೋರಾಡುವ ವೀರನ ಮೈಗೆ ಹಳದಿ, ಅವನು ಹತ್ತಿದ ಕುದುರೆಗೆ ಬೆಳ್ಳಿಬಣ್ಣ. ಕಬ್ಬು ಸಾಗಿಸುವ ಟ್ರಾಲಿಗಳಿಗೆ ಹಂಗಾಮಿನ ಮೊದಲು ಹಚ್ಚುವ ಬಣ್ಣಗಳೇ ಅವು. ಅಕ್ಷರದ ಸುಳಿವಿಲ್ಲ. ಹೊಲದ ಒಡತಿ, ಅರವತ್ತರ ಆಸುಪಾಸಿನ ಮುಸ್ಲಿಂ ಮುದುಕಿ, ಕೈಯಲ್ಲಿ ಕುಡುಗೋಲು ಹಿಡಿದೇ ಬಂದಳು. ನನ್ನ ಮುಖ ನೋಡಿ ಚಂದ ಆಗಿಲ್ಲೇನು ಎಂದು ಕೇಳಿದಳು.

"ನಾ ಮದಿವ್ಯಾಗಿ ಬಂದ ವರ್ಷ ಒಬ್ರು ಸಾಹೇಬ್ರು ಬಂದಿದ್ರವಾ. ಹೋಗೂ ಮುಂದ ನಮ್ಮ ಮಾವಗ ಹೇಳಿದ್ರು, ಈ ಕಲ್ಲು ಭಾಳ ಕಿಮ್ಮತ್ತಿಂದೈತಿ, ಜೋಪಾನ ಮಾಡ್ರಿ ಅಂತ. ಅವತ್ತಿಂದ ಒಂದು ವರ್ಷಾನೂ ತಪ್ಪಿಸಿಲ್ಲ. ರಮಜಾನಕ್ಕ ಮನಿಗೆ ಸುಣ್ಣಾ ಹಚ್ಚಿದಾಗ ಇದಕ್ಕೂ ಹಚ್ಚೀವಿ. ಈಗ ನನ್ನ ಮಗಾ ಬಣ್ಣಾ ಹಚ್ಚತಾನ."

ನನಗೆ ನಗು ಬಂತು, ಹಿಂದೆಯೇ ಅಯ್ಯೋ ಎನಿಸಿತು. ಆ ಸಾಹೇಬರು ನಿಪ್ಪಾಣಿಯ ನಮ್ಮ ಮುದುಕರೇ. ಅವರು ಹೇಳಿದ ಮಾತಿಗೇ ನಲವತ್ತು ವರ್ಷದ ಸುಣ್ಣ ಕೂತಿತ್ತು. ಈ ಜನಕ್ಕೆ ಜೋಪಾನ ಎಂದರೆ ಸುಣ್ಣ. ಮನೆ ಆಗಲಿ, ದರ್ಗಾ ಆಗಲಿ, ಗುಡಿ ಆಗಲಿ, ಪ್ರೀತಿಯಿದ್ದಲ್ಲಿ ಸುಣ್ಣ ಬೀಳುತ್ತದೆ. ಮುದುಕಿ ಇನ್ನೊಂದು ಮಾತು ಹೇಳಿದಳು. ಹೊಳೆಗೆ ದೊಡ್ಡ ಮಹಾಪೂರ ಬಂದ ವರ್ಷ ಕಲ್ಲು ಅಡ್ಡ ಬಿದ್ದಿತ್ತಂತೆ. ನೀರಿಳಿದ ಮೇಲೆ ಮನೆಮಂದಿಯೆಲ್ಲ ಹಗ್ಗ ಕಟ್ಟಿ ಎಳೆದು, ಕೆಳಗೆ ಕಟ್ಟೆ ಕಟ್ಟಿ ನಿಲ್ಲಿಸಿದರಂತೆ. ಹೂತಿದ್ದ ಬುಡ ಹೀಗೆ ಮೇಲೆ ಬಂದಿತ್ತು. ನಾಲ್ಕನೆಯ ಸಾಲು ಆ ಆಕಾಶನೀಲಿಯ ಹಿಂದೆಯೇ ಇರಬೇಕು ಎಂದು ನನಗೆ ಗೊತ್ತಾಯಿತು.

ಹಳೆಯ ಕಲ್ಲುಗಳನ್ನು ಶುಚಿ ಮಾಡುವ ಧಾರವಾಡದ ಕಡೆಯ ತಜ್ಞರೊಬ್ಬರಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. ಅವರು ಖುಷಿಯಾದರು. "ಸುಣ್ಣಾ ಹಚ್ಚಿದ್ದು ಛಲೋನ ಆತ್ರಿ ಮೇಡಂ. ಒಳಗಿನ ಅಕ್ಷರಕ್ಕ ಗಾಳಿ ಮಳಿ ತಾಗಿರೂದಿಲ್ಲ. ನೀವು ಮಾತ್ರ ಕೈ ಹಚ್ಚಬ್ಯಾಡ್ರಿ. ದೀಪಾವಳಿ ಮುಗಿದ ಮ್ಯಾಲ ನಾ ಬರ್ತೀನಿ. ಬಿದಿರಿನ ಕಡ್ಡಿ, ನೀರು, ಎಂಟು ದಿವಸ. ಅವಸರ ಮಾಡೂ ಕೆಲಸ ಅಲ್ಲ ಅದು." ಆಯಿತು ಎಂದೆ. ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು.

ಮುಂದಿನ ಐತವಾರ ನಿಪ್ಪಾಣಿಯಲ್ಲಿ ಮುದುಕರ ಮಗಳು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಅಪ್ಪನನ್ನು ಕಣ್ಣಿಗೆಂದು ಪುಣೆಗೆ ಕರೆದೊಯ್ಯುತ್ತೇವೆ, ಎಷ್ಟು ದಿನವಾಗುತ್ತದೋ ಹೇಳಲಾಗದು ಎಂದಳು. ಒಳಗೆ ಅವರು ಕಲ್ಲಿನದೇ ಪ್ರಶ್ನೆ ಕೇಳಿದರು. "ಏನಾತ್ರಿ ಬಾಯಾರ, ಸಿಕ್ಕರೇನು ನಮ್ಮ ಮಂದಿ?" ನನಗೆ ಹೆದರಿಕೆಯಾಯಿತು. ಅವರು ಪುಣೆಯಿಂದ ಬರದಿದ್ದರೆ? ಹೆದರಿಕೆ ಅರ್ಧ ಮಾತ್ರ. ಉಳಿದರ್ಧ ಸೊಕ್ಕು. ಆ ಹೆಸರನ್ನು ಅವರ ಕೈಗೆ ನಾನೇ ತಂದುಕೊಡಬೇಕಿತ್ತು, ಧಾರವಾಡದ ತಜ್ಞರಲ್ಲ.

ವಾರದ ನಡುವೆ ರಜೆ ಹಾಕಿದೆ. ಚೀಲದಲ್ಲಿ ತಂತಿಯ ಬ್ರಷ್ಷು, ಬಣ್ಣ ಕರಗಿಸುವ ಎಣ್ಣೆ, ಬಚ್ಚಲು ತೊಳೆಯುವ ಆಸಿಡ್ ಇತ್ತು. ಇತಿಹಾಸದ ಎಂ.ಎ. ಮಾಡಿದವಳು ಇದನ್ನು ಹೊತ್ತು ರಾಯಬಾಗದ ಬಸ್ಸಿನಲ್ಲಿ ಕೂತಿದ್ದೆ ಎಂದು ನೆನೆದರೆ ಇಂದಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ಆದರೆ ಅಂದು ನನಗೆ ಅಂಜಿಕೆಯೇ ಇರಲಿಲ್ಲ. ನಮ್ಮ ಕಡೆ ಕಲ್ಲೆಂದರೆ ಕರಿಕಲ್ಲು. ಬೀಸುವ ಕಲ್ಲು, ಬಾವಿಯ ಮೆಟ್ಟಿಲು, ಹೊಸ್ತಿಲು ಎಲ್ಲ ಅದರದೇ. ಹಾರೆಯಿಂದ ಹೊಡೆದರೆ ಹಾರೆ ಮೊಂಡಾಗುತ್ತದೆಯೇ ಹೊರತು ಅದಕ್ಕೆ ಏನೂ ಆಗುವುದಿಲ್ಲ. ತಂತಿಯಿಂದ ತಿಕ್ಕಿದರೆ ಕರಿಕಲ್ಲು ಇನ್ನಷ್ಟು ಹೊಳೆಯುತ್ತದೆ ಎಂಬುದನ್ನು ಬಟ್ಟೆ ಒಗೆಯುವ ಕಲ್ಲು ತಿಕ್ಕುತ್ತಲೇ ಕಲಿತು ಬೆಳೆದವಳು ನಾನು.

ನೀಲಿ ಬಣ್ಣ ಸುಲಿದು ಬಂತು. ಸುಣ್ಣಕ್ಕೆ ಆಸಿಡ್ ಬಿದ್ದಾಗ ಬುಸ್ಸೆಂದು ನೊರೆ ಎದ್ದಿತು. ನೊರೆ ಇಳಿದಾಗ ಅಕ್ಷರಗಳು ಕಂಡವು. ನಿಜವಾಗಿ ಕಂಡವು, ಇಡೀ ಸಾಲು, ಒದ್ದೆಯಾಗಿ. ಅಲ್ಲೇ ನಿಲ್ಲಬೇಕಿತ್ತು. ಓದಬೇಕಿತ್ತು, ಇಲ್ಲವೇ ಕೈಯಲ್ಲಿದ್ದ ಮೊಬೈಲಿನಿಂದ ಒಂದು ಫೋಟೋ ತೆಗೆಯಬೇಕಿತ್ತು. ಇನ್ನೂ ಸ್ವಚ್ಛ ಕಾಣಲಿ ಎಂದು ಮತ್ತೆ ಬ್ರಷ್ಷು ಹಾಕಿದೆ. ಬ್ರಷ್ಷಿನ ತುದಿಗೆ ಹಸಿರು ಬೂದು ಬಣ್ಣದ ಪುಡಿ ಅಂಟಿಕೊಂಡಿತು. ಮೊದಲು ಅದೂ ಬಣ್ಣವೇ ಎಂದುಕೊಂಡೆ. ಬೆರಳಿನಿಂದ ಮುಟ್ಟಿ ನೋಡಿದಾಗ ತಿಳಿಯಿತು. ಅದು ಕರಿಕಲ್ಲಲ್ಲ, ಬಳಪದ ಕಲ್ಲು. ಉಗುರಿನಿಂದ ಕೆರೆದರೂ ಗೀರು ಬೀಳುವಂಥದ್ದು. ಯಾರೋ ಎಲ್ಲಿಂದಲೋ ಗಾಡಿಯಲ್ಲಿ ಹೇರಿಸಿ ತಂದು ಕೆತ್ತಿಸಿದ್ದರು. ಸಾಲಿನ ಕೊನೆಯಲ್ಲಿ 'ಈ ಕಲ್ಲನ್ನು ನಿಲ್ಲಿಸಿದ್ದು' ಎಂಬ ಅರ್ಥದ ಎರಡು ಪದ ಉಳಿದಿದ್ದವು. ಅದಕ್ಕೆ ಮೊದಲು, ಹೆಸರಿದ್ದ ಗೇಣಗಲದ ಜಾಗ ನುಣ್ಣಗಾಗಿತ್ತು.

ಮುದುಕಿ ತಂಬಿಗೆಯಲ್ಲಿ ನೀರು ತಂದಳು. "ಯಾಕವಾ, ಮಾರಿ ಹಿಂಗ್ಯಾಕ ಆಗೇತಿ?" ಎಂದಳು. ನಾನು ನೆಲದ ಮೇಲೆ ಕೂತುಬಿಟ್ಟಿದ್ದೆ. ಏನಿಲ್ಲ, ಬಿಸಿಲು ಎಂದೆ. ಅವಳು ಕಲ್ಲು ನೋಡಿದಳು, ನನ್ನ ಕೈಯ ಬ್ರಷ್ಷು ನೋಡಿದಳು, ತಂಬಿಗೆಯನ್ನು ನನ್ನ ಪಕ್ಕಕ್ಕಿಟ್ಟಳು.

ಆ ಐತವಾರ ನಾನು ನಿಪ್ಪಾಣಿಗೆ ಹೋಗಬಾರದಿತ್ತು. ಹೋದೆ. ಹೋಗದಿದ್ದರೆ ಆ ದಿನವನ್ನು ಎಲ್ಲಿ ಕಳೆಯಬೇಕು? "ಸಿಕ್ಕರೇನ್ರಿ?" ಎಂದು ಅವರು ಕೇಳಿದಾಗ ಸಿಕ್ಕರು ಸರ್ ಎಂದೆ. ಯಾರು ಎಂದರು. ಹೆಂಡತಿ ಎನ್ನಬಹುದಿತ್ತು, ತಾಯಿ ಎನ್ನಬಹುದಿತ್ತು. ಎರಡೂ ನಾನಲ್ಲ. ನಾನು ಒಬ್ಬ ಅಣ್ಣನಿಗೆ ತಂಗಿ ಮಾತ್ರ, ಅವನೂ ಹಬ್ಬಕ್ಕೊಮ್ಮೆ ಫೋನ್ ಮಾಡುವವನು. ಬಾಯಿಂದ ಅದೇ ಬಂತು. "ತಂಗಿ, ಸರ್."

"ತಂಗಿ!" ಎಂದರು. ಕೋಣೆಯಲ್ಲಿ ಯಾರೋ ದೀಪ ಹಚ್ಚಿದಂತೆ ಅವರ ಮುಖ ಬೆಳಗಿತು. ಒಳಗಿದ್ದ ಮಗಳನ್ನು ಕೂಗಿ ಕರೆದರು. "ಕೇಳಿದೇನ? ತಂಗಿ ನಿಂದರಿಸ್ಯಾಳಂತ. ಖಾತ್ರಿ ಅವ್ವಾನ ಇರಬೇಕು ಅಂತ ನಾ ಅನಕೊಂಡಿದ್ನಿ. ಅರೆ ವಾ!"

ಅವರು ಪುಣೆಗೆ ಹೋಗಿ ಹತ್ತೇ ದಿನಕ್ಕೆ ಬಂದರು. ಕಣ್ಣು ಬರಲಿಲ್ಲ. ನಾನು ಅವಸರ ಮಾಡುವ ಅಗತ್ಯವೇ ಇರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಐತವಾರ ಅವರಿಗೆ ಆ ತಂಗಿಯದೇ ಮಾತು. ಎಷ್ಟು ವಯಸ್ಸಿನವಳಿದ್ದಾಳು, ಗಂಡನ ಮನೆಯಿಂದ ಬಂದು ನಿಲ್ಲಿಸಿದಳೋ, ತವರಿನಲ್ಲೇ ಉಳಿದವಳೋ, ಕಲ್ಲುಕುಟಿಗನಿಗೆ ಏನು ಹೇಳಿ ಕೆತ್ತಿಸಿದಳೋ. ನಾನು ಹೂಂ ಎನ್ನುತ್ತಿದ್ದೆ. ಅವರು ನಕ್ಕರೆ ನಗುತ್ತಿದ್ದೆ. ಇಡೀ ವಾರ ನಾನು ಒಂಟಿಯಾಗಿರುವುದು ರೂಢಿಯಾಗಿತ್ತು. ಐತವಾರ ಆ ಕೋಣೆಯಲ್ಲಿ, ಎರಡು ಕಪ್ ಚಹಾದ ಎದುರಿಗೆ, ಅವರ ಮುಂದೆಯೇ ಒಂಟಿಯಾದದ್ದು ಹೊಸದು. ಅದನ್ನು ತಾಳುವುದು ನನ್ನಿಂದ ಆಗುತ್ತಿರಲಿಲ್ಲ. ಮನೆಗೆ ಬಂದು ಮೊಬೈಲಿನಲ್ಲಿ ರೆಕಾರ್ಡಾಗಿದ್ದ "ತಂಗಿ, ಸರ್" ಎಂಬ ನನ್ನ ದನಿ ಕೇಳುತ್ತಿದ್ದೆ. ಎಷ್ಟು ಸರಾಗವಾಗಿ ಹೇಳಿದ್ದೆ!

ದೀಪಾವಳಿ ಕಳೆದ ಮೇಲೆ ಧಾರವಾಡದ ತಜ್ಞರು ಮಾತಿನಂತೆ ಬಂದರು. ಎಂಟು ದಿನ ಬಿದಿರಿನ ಕಡ್ಡಿಯಿಂದ ಬಣ್ಣ, ಸುಣ್ಣ ಬಿಡಿಸಿದರು. ಮೇಲಿನ ಮೂರು ಸಾಲು ನಿನ್ನೆ ಕೆತ್ತಿದಂತೆ ಎದ್ದವು. ಬುಡದ ಗೀರುಗಳ ಮುಂದೆ ಅವರು ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕೂತರು. "ಇದನ್ನ ಯಾರು ಮಾಡ್ಯಾರ?" ಎಂದರು. "ಹೊಳಿ ಬಂದಾಗ ಉರುಳಿತ್ತರೀ. ಅವಾಗ ಆಗಿರಬೇಕು," ಎಂದಳು ಮುದುಕಿ, ನನ್ನ ಕಡೆ ನೋಡದೆ. ಅವಳ ಆ ಕರುಣೆ ನನಗೆ ಚಪ್ಪಲಿ ಏಟಿಗಿಂತ ಹೆಚ್ಚು ತಾಗಿತು.

ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗುಗಳಿಗೆ ಕೂರಿಸಿ, ಮೇಲೆ ಮಸಿ ಒತ್ತಿ ಅಚ್ಚು ತೆಗೆಯುತ್ತಾರೆ. ಒಣಗಿದ ಮೇಲೆ ಅದರ ಬೆನ್ನಿಗೆ ಅಕ್ಷರಗಳು ಉಬ್ಬಿ ನಿಲ್ಲುತ್ತವೆ. ಅಂಥದೊಂದು ಅಚ್ಚನ್ನು ತಜ್ಞರು ನಿಪ್ಪಾಣಿಯ ಮುದುಕರಿಗೆಂದು ನನ್ನ ಕೈಗೆ ಕೊಟ್ಟರು. ಚಿಕ್ಕೋಡಿಯಲ್ಲಿ ಅದು ಮೂರು ವಾರ ನನ್ನ ಕಪಾಟಿನ ಮೇಲೆ ಇತ್ತು. ಅಚ್ಚು ಇನ್ನೂ ಆಗಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿದೆ.

ನಾಲ್ಕನೆಯ ಐತವಾರ ಅವರು ತಾವೇ, "ಒಂದು ಸಣ್ಣ ಟಿಪ್ಪಣಿ ಬರೀಬೇಕು. ನಾ ಹೇಳ್ತೀನಿ, ನೀವು ಬರಕೋರಿ. ಇದು ನನ್ನ ಕಡೀ ಕೆಲಸ," ಎಂದರು. ಕಡೆಯ ಕೆಲಸದೊಳಗೆ ನನ್ನ ಸುಳ್ಳು ಹೋಗಿ ಕೂರುವುದನ್ನು ನೋಡಲು ನನಗೆ ಧೈರ್ಯವಾಗಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ. ಮುಂದಿನ ವಾರ ಅಚ್ಚನ್ನು ಒಯ್ದು ಅವರ ತೊಡೆಯ ಮೇಲೆ ಬೆನ್ನು ಮೇಲಾಗಿ ಹಾಸಿದೆ.

ಬೆನ್ನಿನ ಕಡೆ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುವುದರಿಂದ ಅವರ ಬೆರಳುಗಳು ಬಲದಿಂದ ಎಡಕ್ಕೆ ನಡೆದವು. ಮೊದಲ ಸಾಲಿನಲ್ಲಿ ಸತ್ತವನ ಹೆಸರು ಸಿಕ್ಕಾಗ ತುಟಿ ಅಲುಗಿತು. ಎರಡು, ಮೂರು. ನಾಲ್ಕನೆಯ ಸಾಲಿಗೆ ಬಂದು ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು, ಮತ್ತೆ ನಿಂತಿತು. ಬೀದಿಯಲ್ಲಿ ಯಾರೋ ಮರಾಠಿಯಲ್ಲಿ ಬೆಳ್ಳುಳ್ಳಿ ಮಾರುತ್ತಿದ್ದರು.

"ತಂಗಿ ಎಲ್ಲಿ?" ಎಂದರು.

ನಾನೇ ಕೆರೆದೆ ಸರ್ ಎಂದೆ. ಎಲ್ಲ ಹೇಳಿದೆ. ಬ್ರಷ್ಷು, ಆಸಿಡ್, ಒದ್ದೆಯಾಗಿ ಕಂಡ ಅಕ್ಷರಗಳು, ಓದದೇ ಮತ್ತೆ ತಿಕ್ಕಿದ್ದು, ತಜ್ಞರೆದುರು ಬಾಯಿ ಮುಚ್ಚಿಕೊಂಡು ನಿಂತದ್ದು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಚಹಾ ಆರಿ ಕೆನೆಗಟ್ಟಿತು.

"ಕೆರೆದಿದ್ದಕ್ಕ ನನಗ ಸಿಟ್ಟಿಲ್ಲ," ಎಂದರು ಕೊನೆಗೆ. "ನಾ ಏನು ಕಮ್ಮಿ ಕೆಡಿಸೇನಿ? ಎಷ್ಟ ಕಲ್ಲು ಹಾಳ ಮಾಡೇನಿ ಅಂತ ನಿನಗ ಹೇಳಿಲ್ಲ. ಆದರ ಖಾಲಿ ಜಾಗಾದಾಗ ಇಲ್ಲದ ಮಂದೀನ ಕುಂದರಿಸಬಾರದಾಗಿತ್ತು ನೀ. ಮೂರು ತಿಂಗಳಾತು, ನಾ ಆ ಹುಡಗೀ ಜೋಡಿ ಮಾತಾಡಾಕತ್ತೀನಿ."

ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ನೀ ಎಂದದ್ದು ಅದೇ ಮೊದಲು.

ನಾನು ಚೀಲ ಎತ್ತಿಕೊಂಡು ಏಳಲು ಹೋದೆ. "ಕೂಡು," ಎಂದರು. "ಬರಿ." ಹಾಳೆ ತೆಗೆದೆ. ಮೊದಲ ಮೂರು ಸಾಲು ಹೇಳಿದರು, ಬರೆದೆ. ನಾಲ್ಕನೆಯ ಸಾಲಿಗೆ ಬಂದಾಗ ನುಣ್ಣಗಿನ ಜಾಗದ ಮೇಲೆ ಬೆರಳಿಟ್ಟು, ಪಕ್ಕದ ಅಕ್ಷರದ ಅಗಲವನ್ನು ಅಳೆಯುತ್ತ ಹೋದರು. "ಏಳು ಅಕ್ಷರ ಹೋಗ್ಯಾವ. ಏಳು ಚುಕ್ಕಿ ಹಾಕು." ಹಾಕಿದೆ. ಶಾಸನ ಓದುವವರ ರೂಢಿ ಅದು, ಅಳಿದ ಅಕ್ಷರಕ್ಕೆ ಒಂದೊಂದು ಚುಕ್ಕಿ. ನೂರಾರು ಪುಟಗಳಲ್ಲಿ ಅಂಥ ಚುಕ್ಕಿಗಳನ್ನು ನೋಡಿದ್ದೇನೆ. ಅವನ್ನು ಯಾರೋ ಹೀಗೆ ಕೂತು ಅಳೆದು ಹಾಕಿರುತ್ತಾರೆಂದು ಎಂದೂ ಯೋಚಿಸಿರಲಿಲ್ಲ.

"ಅಡಿಯಾಗ ಬರಿ. ಈ ಅಕ್ಷರ ಹ್ಯಾಂಗ ಹೋದವು, ಯಾರ ಕೈಲೆ ಹೋದವು, ಎಲ್ಲಾ ಬರಿ. ಹೆಸರು ಹಾಕು."

ಬರೆದೆ. ಕೊನೆಗೆ ನನ್ನ ಹೆಸರು ಹಾಕಿದೆ.

"ಈಗ ಓದು," ಎಂದರು.

ಮೇಜಿನ ಮೇಲೆ ಮೊಬೈಲು ಎಂದಿನಂತೆ ನಡೆದೇ ಇತ್ತು. ಆ ರೆಕಾರ್ಡ್ ಈಗಲೂ ನನ್ನ ಬಳಿ ಇದೆ, ಅಡುಗೆ ಮಾಡುವಾಗ ಕೆಲವೊಮ್ಮೆ ಹಚ್ಚುತ್ತೇನೆ. ನನ್ನ ದನಿ ಮೂರು ಸಾಲು ಓದುತ್ತದೆ. ನಾಲ್ಕನೆಯ ಸಾಲಿನಲ್ಲಿ ಚುಕ್ಕಿಗಳು ಬಂದಾಗ ಏನು ಓದಬೇಕೋ ತಿಳಿಯದೆ ನಾನು ಸುಮ್ಮನಾಗುತ್ತೇನೆ. ಅಚ್ಚಿನ ಕಾಗದದ ಮೇಲೆ ಅವರ ಬೆರಳು ತಟ್ಟುವ ಸದ್ದು ಕೇಳುತ್ತದೆ, ನಿಧಾನಕ್ಕೆ, ಏಳು ಸಲ. ಆಮೇಲೆ ಅವರು, "ಹೂಂ, ಮುಂದ," ಎನ್ನುತ್ತಾರೆ. ಉಳಿದಿದ್ದ ಎರಡು ಪದ ಓದುತ್ತೇನೆ. ಅಲ್ಲಿಂದ ಮುಂದಿರುವುದು ನನ್ನ ಹೆಸರು.